ಹನ್ನೊಂದು ತಿಂಗಳ ಕರಾರು

ಕರಾರು ಪತ್ರದಲ್ಲಿ ಹನ್ನೊಂದೇ ತಿಂಗಳು.
ಹನ್ನೆರಡಾದರೆ ರಿಜಿಸ್ಟರ್ ಮಾಡಿಸಬೇಕಂತೆ,
ಓಂಕಾರಪ್ಪನವರಿಗೆ ಆ ಖರ್ಚು ಬೇಡ.
ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಬರೆದಿತ್ತು.
ನೆಲಕ್ಕೆ ಬೇರು ಇಳಿಸಕೂಡದು ಅಂತ
ಎಲ್ಲೂ ಇರಲಿಲ್ಲ.

ಅಂತರಸನಹಳ್ಳಿ. ರಸ್ತೆಗೆ ಅಂಟಿದ ಮನೆ.
ಕಾಂಪೌಂಡಿಗೂ ಅಡುಗೆಮನೆಗೂ ನಡುವೆ
ಆರಡಿ ಒಂಬತ್ತಡಿ ಮಣ್ಣು.
ಮಣ್ಣು ಅನ್ನುವುದು ಮರ್ಯಾದೆಗೆ: ಜಲ್ಲಿ, ಟೈಲ್ಸಿನ ಚೂರು,
ಯಾವ ಬಾಡಿಗೆಯವರ ಮಗುವಿನದೋ ಒಂಟಿ ಚಪ್ಪಲಿ.
ಎರಡು ವೀಕ್ಲಿ ಆಫು ಗಡಾರಿ ಹಿಡಿದೇ ಕಳೆದವು.

ನರ್ಸರಿಯಿಂದ ಒಂದೂ ತರಲಿಲ್ಲ.
ಮಿಡಿಗೇಶಿಯಲ್ಲಿ ಡ್ರೈವರ್ ನಯಾಜ್ ಟೀ ಮುಗಿಸುವಷ್ಟರಲ್ಲಿ
ರಸ್ತೆ ಬದಿಯ ತಂಗಟೆಕಾಯಿ, ಕಿಸೆ ತುಂಬ.
ತುಂಬಾಡಿಯ ಬೇಲಿಯಿಂದ ಲಕ್ಕಿಯ ಎರಡು ಕಡ್ಡಿ.
ಮುಳ್ಳುಗೊರಟೆ ಸುಮ್ಮನೆ ಬರಲಿಲ್ಲ,
ಖಾಕಿ ತೋಳಿನ ಒಂದೆಳೆ ದಾರ ಇಟ್ಟುಕೊಂಡೇ ಬಿಟ್ಟಿತು.
ಬೀಜವನ್ನೆಲ್ಲ ಟಿಕೆಟ್ಟಿನಲ್ಲಿ ಸುತ್ತಿ
ಚಿಲ್ಲರೆಯ ಜೊತೆ ಚೀಲಕ್ಕೆ ಹಾಕುತ್ತಿದ್ದೆ,
ಎಲ್ಲಿಯದು ಅಂತ ಟಿಕೆಟ್ಟೇ ಹೇಳಲಿ ಎಂದು.
ಮೆಷಿನ್ನಿನ ಅಕ್ಷರ. ಏಪ್ರಿಲ್ ಬಿಸಿಲಿಗೆ
ಊರುಗಳೆಲ್ಲ ಹಾರಿಹೋಗಿ ಬಿಳಿ ಕಾಗದ ಉಳಿಯಿತು.
ಮೊಳೆತ ಮೇಲೆ ಅವೇ ಹೇಳಿದವು.

ಸಿದ್ಧರಬೆಟ್ಟದ ಕಡೆಯಿಂದ ಕೆಂಪಹೊನ್ನಮ್ಮ ಹತ್ತಿದ ದಿನ
ಅವಳಿಗೆ ಸೊನ್ನೆ ಟಿಕೆಟ್ಟು,
ಬುಟ್ಟಿಗೆ ಮಾತ್ರ ಹನ್ನೆರಡು ರೂಪಾಯಿ.
"ದುಡ್ಡಿಲ್ಲ ಕಣವ್ವ, ಇದ ಮಡೀಕೊ" ಅಂತ
ನೇಗಿಲ ಗುಳದ ಹಾಗೆ ಬಾಗಿದ ಗಡ್ಡೆ, ಗೌರಿಹೂವಿನದು,
ಜೊತೆಗೆ ಬೆರಳು ಬೆರಳಾದ ಇನ್ನೊಂದು ಗೊಂಚಲು,
ಹಲವು ಮಕ್ಕಳ ತಾಯಿಬೇರು.
"ಇದು ಬಾಣಂತೀರ್ಗೆ. ಅದು ಇಸ, ಕೈ ತೊಳ್ಕೊ.
ಚಳೀಲಿ ಅದು ಕಾಣಾಕಿಲ್ಲ.
ಸತ್ತೋಯ್ತು ಅಂತ ಅಗೆದು ನೋಡೀಯೆ!"
ಲಗೇಜು ನನ್ನ ದುಡ್ಡಿನಲ್ಲೇ ಹರಿದೆ.

ಮೊದಲ ಕರಾರಿನಲ್ಲಿ ಅದು ಕೊಟ್ಟಿದ್ದು ನಾಲ್ಕೇ ಎಲೆ.
ಎರಡನೆಯ ಕರಾರಿಗೆ ಬಾಡಿಗೆ ಐನೂರು ಏರಿತು,
ಅದೂ ಏರಿತು.
ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು
ಲಕ್ಕಿಯ ಕೊಂಬೆ ಹಿಡಿದು, ಕಿಟಕಿಯ ಸರಳು ಹಿಡಿದು,
ಗೌರಿಹಬ್ಬಕ್ಕೆ ಎಂಟು ದಿನ ಮೊದಲೇ
ಹಸಿರಾಗಿ ಅರಳಿ, ಹಳದಿಗೆ ಹೊರಳಿ,
ಕೆಂಪಿಗೆ ಬಂದು ನಿಂತಿತು, ದಳವೆಲ್ಲ ಮೇಲಕ್ಕೆ ಮಗುಚಿ,
ಒಲೆ ಹೊತ್ತಿಸಿ ಹೆಂಗಸು ಎದ್ದು ಹೋದ ಹಾಗೆ.

ಜನವರಿಯಲ್ಲಿ ಓಂಕಾರಪ್ಪನವರು ಬಂದರು, ಮೀಟರ್ ನೋಡುವ ನೆಪ.
ಚಪ್ಪಲಿಯ ತುದಿಯಲ್ಲಿ ಒಣ ಬಳ್ಳಿಯನ್ನು ಒತ್ತಿ
"ಸತ್ತಿದೆಯಲ್ಲಮ್ಮ ಇದು, ಕಿತ್ತಾಕಿ,
ಸ್ಕೂಟರ್ ನಿಲ್ಸೋಕೆ ಸಿಮೆಂಟ್ ಹಾಕಿಸ್ತೀನಿ."
"ಸತ್ತಿಲ್ಲ ಸಾರ್, ಗಳಿಕೆ ರಜೆ ಮೇಲಿದೆ" ಅಂದೆ.
ನಗಲಿಲ್ಲ ಅವರು.
ಅವರ ಹೆಂಡತಿ ಮಾತ್ರ, ಮೆಟ್ಟಿಲ ಮೇಲಿಂದ,
"ಯಾವಾಗ ಡ್ಯೂಟಿಗೆ ಬರುತ್ತೆ?"

ಮೇ ತಿಂಗಳಲ್ಲಿ ಪಾವಗಡ ಡಿಪೋಗೆ ವರ್ಗ.
ಲಕ್ಕಿಯನ್ನು ಕಡ್ಡಿಯಾಗಿ ಮುರಿದುಕೊಂಡೆ, ಗೊರಟೆಯನ್ನೂ.
ತಾಯಿಬೇರಿನಲ್ಲಿ ಅರ್ಧ ನನಗೆ, ಅರ್ಧ ನೆಲಕ್ಕೆ.
ಗೌರಿಯ ಹತ್ತಿರ ಕೂತು, ಕುಡುಗೋಲು ಊರಿ,
ಸುಮ್ಮನೆ ಎದ್ದೆ.
ಎಷ್ಟಾಗಿದೆಯೋ ಒಳಗೆ, ಯಾವ ಕಡೆ ಬಾಗಿದೆಯೋ,
ಮುರಿದರೆ?
ಸುತ್ತ ಏಳು ಇಟ್ಟಿಗೆ ಚೂರು ಇಟ್ಟು
ಅಮ್ಮಾವರಿಗೆ ಹೇಳಿದೆ, ಇಲ್ಲಿ ಬಿಸಿನೀರು ಚೆಲ್ಲಬೇಡಿ.
ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

ಈ ವರ್ಷ ಮತ್ತೆ ಅದೇ ರೂಟು ಸಿಕ್ಕಿತು.
ಅಂತರಸನಹಳ್ಳಿಯಲ್ಲಿ ಮೊನ್ನೆ ಬಸ್ಸು ನಿಂತಾಗ
ಕಿಟಕಿಗೆ ಬಗ್ಗಿ ಕಾಂಪೌಂಡಿನಾಚೆ ನೋಡಿದೆ.
ಸಿಮೆಂಟು. ಸ್ಕೂಟರು. ಲಕ್ಕಿ ಇಲ್ಲ.
ನಡುವೆ, ಊಟದ ತಟ್ಟೆಯಗಲ,
ದುಂಡಗೆ ಒಂದು ಜಾಗ ಬಿಟ್ಟಿದ್ದಾರೆ.
ಗಾರೆಯವನು ಕರಣೆ ತಿರುಗಿಸಿದ ಗುರುತು ಅಂಚಿನಲ್ಲಿ.
ಏನೂ ಇರಲಿಲ್ಲ ಒಳಗೆ. ಮಣ್ಣು, ಅಷ್ಟೇ.
ಕೃತ್ತಿಕೆ ಹುಸಿಹೋಗಿ, ರೋಹಿಣಿ ಇನ್ನೂ ಹುಟ್ಟಿರಲಿಲ್ಲ.

ಹಿಂದಿನಿಂದ ಯಾರೋ ಎರಡು ಮಧುಗಿರಿ ಕೇಳಿದರು.
ಕೊಟ್ಟೆ.
ರೈಟ್ ಅಂದೆ, ಸ್ವಲ್ಪ ತಡವಾಗಿ.